ಮಾವನ ಮುಂದೆ ಹೇಳುವ ಮಾತು

೧೯೭೪ರ ಬೇಸಿಗೆ. ಬೈಲಹೊಂಗಲದಲ್ಲಿ ಸಂಗೊಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಅದೇ ಬೆಂಚಿನ ಮೇಲೆ ಗಂಡ ಹೆಂಡತಿ ಮಾತಾಡುತ್ತಿದ್ದರು. ಕಿವಿ ಮುಚ್ಚಿಕೊಳ್ಳುವಷ್ಟು ಸಭ್ಯ ನಾನಲ್ಲ.

“ಮಾವನ ಕಾಲಿಗೆ ಬೀಳತೇನಿ. ಶೆರೆ ಕುಡದಿದ್ದೆ, ಊಟಕ್ಕ ಬಂದ ನಿಮಗ ನಿಶಾದಾಗ ಬೈದೆ ಅಂತೇನಿ. ಸಾಕಲ್ಲ?”

“ಅವತ್ತ ಖರೇನ ನಿಶಾ ಏರಿತ್ತೇನ್ರಿ?”

“ಮತ್ತ? ಎದಿಯಾಗ ಬೆಂಕಿ, ಕಿವಿ ಬಿಸಿ, ಮೈಯೆಲ್ಲ ಬೆವರು. ಆದ್ರ ಮುಂಜಾನೆ ತಲಿ ನೋಯಲಿಲ್ಲ. ಅಂಗಡಿಯಾಂವ ಏನೋ ಬೆರಸ್ಯಾನ.”

“ಅಂಗಡಿಯಾಂವ ಅಲ್ರಿ, ನಾನು. ಶೆರೆ ಹಿತ್ತಲದಾಗ ಚೆಲ್ಲಿ, ಅದ ಬಾಟ್ಲಿಗೆ ಶುಂಠಿ ಮೆಣಸಿನ ಕಷಾಯ ತುಂಬಿದ್ದೆ.”

“ಸುಳ್ಳು! ವಾಸನಿ ಬಂದಿತ್ತು.”

“ಬಾಟ್ಲಿ ತೊಳದಿರಲಿಲ್ಲ.”

“ನಡಿಯಾಕ ಬರವಲ್ದಾಗಿತ್ತು ನನಗ!”

“ನೋಡೇನಿ.”

ಅವನು ಅವಳ ಮುಖವನ್ನೇ ದಿಟ್ಟಿಸಿದ.

“ನಿಮ್ಮಪ್ಪಗ ಇದನ್ನ ಹೇಳೀಯೇನು?”

“ಇಲ್ಲ. ಮೊದಲ ನನಗ ಹೇಳ್ರಿ. ಅವತ್ತ ಅಪ್ಪಗ ಬೈದಾಂವ ಯಾರು?”

ಬಸ್ಸು ಬಂತು. ಅವಳು ಗಂಟು ಎತ್ತಿಕೊಂಡು ಹತ್ತಿದಳು, ಹಿಂದೆ ನಾನು. ಕಂಡಕ್ಟರ್ ಎರಡು ಸಲ ಕೂಗಿದ. ಅವನು ಬೆಂಚಿನಿಂದ ಏಳಲಿಲ್ಲ.