ಕಾರಿನ ಒಳದೀಪ

ತಮಿಳುನಾಡಿನ ಸೋಮನೂರಿನ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದು ವನಮಾಲಾ ಮುಂದಿನ ಸೀಟಿನತ್ತ ನೋಡಿದಳು. ತಲೆ ಬೋಳಿಸಿಕೊಂಡಿದ್ದ ಯುವಕನೊಬ್ಬ ಕಾರಿನ ಬ್ಯಾಟರಿಯನ್ನು ಕಾಲ ಬಳಿ ಇಟ್ಟುಕೊಂಡು ಪಕ್ಕದ ಮೆಕ್ಯಾನಿಕ್ಕನನ್ನು ಕೇಳುತ್ತಿದ್ದ.

“ಗುರುಸಾಮಣ್ಣ, ದಿನಾ ಬೆಳಗ್ಗೆ ಬ್ಯಾಟರಿ ಸತ್ತಿರ್ತೈತೆ. ಡೈನಮೋ ಕೆಟ್ಟೈತಾ?”

“ಡೈನಮೋ ಚೆನ್ನಾಗೈತಪ್ಪ, ನಾನೇ ನೋಡಿದ್ನಲ್ಲ. ರಾತ್ರಿ ಯಾರಾದ್ರೂ ಲೈಟು ಹಾಕ್ತಾರಾ?”

“ಅವ್ವ ಹಾಕ್ತಾಳೆ. ಒಳಗಿನ ಲೈಟು, ಬೆಳಗಾಗೋವರೆಗೂ.”

“ಯಾಕೆ?”

“ಉಸಿರು ಹೋದ ಜಾಗದಲ್ಲಿ ದೀಪ ಇಡಬೇಕಲ್ಲಣ್ಣ. ಆಸ್ಪತ್ರೆಗೆ ಹೋಗೋವಾಗ ಅಪ್ಪನ ಉಸಿರು ಕಾರಲ್ಲೇ ಹೋಯ್ತು. ಪೆಟ್ರೋಲ್ ಹತ್ರ ಎಣ್ಣೆದೀಪ ಬೇಡ ಅಂದೋನು ನಾನೇ.”

ಇಳಿಯುವ ಜಾಗ ಬಂದಾಗ ಗುರುಸಾಮಿ ಬ್ಯಾಟರಿಯನ್ನು ತಾನೇ ಎತ್ತಿಕೊಂಡ.

“ಇದು ಚಾರ್ಜಾಗೋಕೆ ನಾಳೆ ಆಗ್ತೈತೆ. ನನ್ನ ಹತ್ರ ಇರೋ ಬ್ಯಾಟರಿ ತಗೊಂಡ್ಹೋಗು. ದೀಪ ಹಚ್ಚೋ ಹೊತ್ತಿಗೆ ಮನೆ ಸೇರ್ಕೋಬೇಕು.”