ಗುಮಾಸ್ತನ ತಲೆ ಮೇಲಿನ ದಾಖಲೆ

ಅರಣ್ಯ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕೂತಿದ್ದಳು. ಅವಳ ಸೊಸೆ ಗುಮಾಸ್ತನ ಮೇಜಿನಿಂದ ಅರ್ಜಿ ವಾಪಸ್ ಹಿಡಿದುಕೊಂಡು ಬಂದಳು.

"ಏನಂದ ಆ ಪುಣ್ಯಾತ್ಮ?"

"ನಾವು ಕಾಡಲ್ಲಿ ಮೂರು ತಲೆಮಾರಿಂದ ಇದ್ದೀವಿ ಅನ್ನೋಕೆ ದಾಖಲೆ ಬೇಕಂತೆ ಅತ್ತೆ. ಇಲ್ದಿದ್ರೆ ಹಕ್ಕುಪತ್ರ ಇಲ್ವಂತೆ."

"ಹಿರಿಯರ ಸಮಾಧಿ ಇದೆ ಅನ್ಲಿಲ್ವಾ?"

"ಕಲ್ಲು ಯಾರು ಬೇಕಾದ್ರೂ ನೆಡಬಹುದು ಅಂದ."

"ಹೋದ ತಿಂಗಳು ಮಂತ್ರಿ ಮುಂದೆ ನಮ್ಮನ್ನ ಕುಣಿಸೋಕೆ ಜೀಪ್ ಕಳಿಸಿದ್ರಲ್ಲ, ಆಗ ನಮ್ಮನೆ ದಾರಿ ಹೆಂಗೆ ಗೊತ್ತಾಯ್ತಂತೆ?"

"ಅದು ಸಂಸ್ಕೃತಿಯಂತೆ, ಇದು ಜಮೀನಂತೆ."

"ಸಂಸ್ಕೃತಿ! ನನ್ನ ಜನ್ಮದಲ್ಲಿ ಸೊಂಟಕ್ಕೆ ಸೊಪ್ಪು ಸುತ್ಕೊಂಡಿದ್ದು ಅವತ್ತೇ ಮೊದಲು."

"ಮೆಲ್ಲಗೆ ಅತ್ತೆ, ಕೇಳಿಸುತ್ತೆ."

"ಕೇಳಿಸ್ಲಿ ಬಿಡು. ಏ, ಅವನ ತಲೆ ಮೇಲಿರೋ ಫೋಟೋ ನೋಡೇ. ನಮ್ಮತ್ತೆ! ನಮ್ಮ ಬಾಗಿಲಲ್ಲೇ ಕೂತಿದ್ದಾರೆ. ನಾನು ಮದುವೆಯಾಗಿ ಬಂದ ವರ್ಷ ತೆಗೆದಿದ್ದು. ಕೆಳಗೇನು ಬರೆದಿದ್ದಾರೆ?"

"'ಶತಮಾನಗಳಿಂದ ಕಾಡೇ ಇವರ ಮನೆ.' ಇಲಾಖೆ ಮುದ್ರೆನೂ ಇದೆ."

ಮುದುಕಿ ಸೀದಾ ಹೋಗಿ ಫೋಟೋ ಇಳಿಸಿ ಮೇಜಿನ ಮೇಲಿಟ್ಟಳು.

"ತಗೊಳ್ಳಿ ಸ್ವಾಮಿ, ನಿಮ್ಮದೇ ಮುದ್ರೆ ಇರೋ ದಾಖಲೆ."

"ಏನಮ್ಮಾ ಇದು! ಅದು ಕಚೇರಿ ಆಸ್ತಿ, ಮುಟ್ಟಬಾರದು."

"ಕಾಡು ನಿಮ್ಮದಾಯ್ತು. ಈಗ ನಮ್ಮತ್ತೆನೂ ನಿಮ್ಮ ಆಸ್ತೀನಾ?"

ಮುದುಕಿ ಫೋಟೋವನ್ನು ಸೆರಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡಳು.

"ನಡಿಯೇ, ಇವರನ್ನ ಮನೆಗೆ ಕರ್ಕೊಂಡು ಹೋಗೋಣ. ಇಷ್ಟು ವರ್ಷ ಇಂಥವನ ತಲೆ ಕಾದಿದ್ದು ಸಾಕು."