ತಿದ್ದಿದ ಕಾಗದ

ಚನ್ನಗಿರಿಯ ಕಣ್ಣಿನ ಆಸ್ಪತ್ರೆಯಲ್ಲಿ ಭೀಮೇಶ್ ಸರದಿಗೆ ಕಾದು ಕೂತಿದ್ದ. ಪಕ್ಕದಲ್ಲಿ ಕತ್ತಲಗೆರೆಯ ಲಕ್ಷ್ಮಕ್ಕ, ಪೊರೆ ತೆಗೆಸಲು ಬಂದವಳು. ಮೊಮ್ಮಗಳು ದುರ್ಗಾಂಬಿಕಾ ಮೊಬೈಲಿನಲ್ಲಿ ಹಳೇ ಹಾಸ್ಯದ ಸಿನಿಮಾ ಹಾಕಿದ್ದಳು. ಅಜ್ಜಿ ಮಾತು ಬರುವ ಮೊದಲೇ ನಗುತ್ತಿದ್ದಳು.

“ಕಣ್ಣು ಕಾಣಲ್ಲ, ಹೆಂಗೆ ನಗ್ತೀಯ ಅಜ್ಜಿ?”

“ಟೆಂಟ್ ಟಾಕೀಸಿನಾಗೆ ಏಳು ಸಲ ನೋಡೀನಿ. ಈಗ ಮಗ ಬರೆದ ಕಾಗದ ಅಪ್ಪನ ಕೈಗೆ ಸಿಗ್ತೈತೆ, ನೋಡು.”

“ಪ್ರೇಮಪತ್ರಾನಾ?”

“ಹ್ಞೂಂ. ಬೈಯಲ್ಲ ಪುಣ್ಯಾತ್ಮ. ತಪ್ಪು ಅಕ್ಷರ ತಿದ್ದಿ, ಇದ್ದಲ್ಲೇ ಇಡ್ತಾನೆ! ಅವತ್ತು ಟಾಕೀಸಿನಾಗೆ ಅದನ್ನ ನೋಡಿ, ಮಕ್ಕಳಿಗೆ ಬೈಯೋ ನಮ್ಮೂರ ಅಪ್ಪಂದ್ರು ನಾಚ್ಕೊಂಡು ಮನೆಗೆ ಹೋದ್ರು.”

ಭೀಮೇಶ್ ಕೇಳಿಸಲೆಂದು ಬೆಂಚಿನಲ್ಲಿ ಅವರತ್ತ ಸರಿದ.

“ಕೆಟ್ಟೋರು ಯಾರೂ ಇಲ್ವಾ ಅಜ್ಜಿ ಇದ್ರಾಗೆ?”

“ಒಬ್ರೂ ಇಲ್ಲ. ಬೈತಾರೆ, ಮುನಿಸ್ಕೊಂತಾರೆ, ಆಮೇಲೆ ಒಟ್ಟಿಗೆ ಉಣ್ಣಾಕೆ ಕೂರ್ತಾರೆ. ಅಂಥಾ ಸಿನಿಮಾ ಮಾಡಾಕೆ ದೊಡ್ಡ ಮನಸು ಬೇಕು ಕಣೆ.”

“ಕಣ್ಣು ಬಂದ್ಮೇಲೆ ಎಂಟನೇ ಸಲ ನೋಡೋಣ. ಹಿಂದೆ ಎರಡು ಸಲ ಆಪರೇಷನ್‌ಗೆ ಬಂದಾಗ ಮಾಡಿದಂಗೆ ಹೆದ್ರಿ ಮನೆಗೆ ಓಡಬ್ಯಾಡ.”

“ಈಗಲೂ ಹೆದ್ರಿಕೆ ಐತೆ.”

ನರ್ಸ್ ಬಂದು ಲಕ್ಷ್ಮಕ್ಕನ ಹೆಸರು ಕೂಗಿದರು.

“ಒಂಚೂರು ತಡೀರಮ್ಮ, ಸಿನಿಮಾದಾಗೆ ಹುಡುಗನ ಅವ್ವ ಆ ಕಾಗದ ಒಲೆಗೆ ಹಾಕಾಕೆ ಹೋಗ್ತಾಳೆ, ಅದೊಂದು ಆಗ್ಲಿ.”

ನರ್ಸೂ ಬಗ್ಗಿ ನೋಡಿ ಕಿಸಕ್ಕೆಂದರು. ಲಕ್ಷ್ಮಕ್ಕ ತಾನಾಗಿಯೇ ಎದ್ದು ಅವರ ಕೈ ಹಿಡಿದಳು.

“ನಡೀರಿ, ನಗು ಇರುವಾಗ್ಲೇ ಮುಗಿಸಿಬಿಡ್ರಿ.”

ದುರ್ಗಾಂಬಿಕಾಳೂ ಸೇರಿ ಮೂವರೂ ಒಳಗೆ ಹೋದರು.